ಅಕ್ಕ ಕೂತ ಕಾರು

ಆ ಕಾರು ಹತ್ತಿದವರಲ್ಲಿ ಯಾರೂ ಅದನ್ನು ಓಡಿಸುವವರನ್ನು ನಂಬಿ ಹತ್ತಿದವರಲ್ಲ. ಎಲ್ಲರೂ ಹತ್ತಿದ್ದು ಮುಂದಿನ ಸೀಟಿನಲ್ಲಿ ಕೂತಿದ್ದ ಹೆಂಗಸನ್ನು ನೋಡಿ. ಆ ಹೆಂಗಸು ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಅನ್ನುತ್ತೇನೆ. ನನ್ನ ಬಾಯಿಂದ ಕೇಳಿ ಕೇಳಿ ಈಗ ಬೀದಿಗೆಲ್ಲ ಅವಳು ಅಕ್ಕನೇ, ಅವಳಿಗಿಂತ ಹತ್ತು ವರ್ಷ ದೊಡ್ಡವರಿಗೂ.

ಅಕ್ಕನ ಕೆಲಸ ಬೆಟ್ಟದ ಮೇಲಿನ ಆಸ್ಪತ್ರೆಯಲ್ಲಿ, ಬಟ್ಟೆ ಒಗೆಯುವ ವಿಭಾಗದಲ್ಲಿ. ಒಗೆದ ಬೆಡ್‌ಶೀಟುಗಳು ದೊಡ್ಡ ಬಿಸಿ ಉರುಳೆಗಳ ನಡುವೆ ಸಿಕ್ಕಿ ಇಸ್ತ್ರಿಯಾಗಿ ಆಚೆಗೆ ಬರುತ್ತವೆ. ಆಚೆ ಕಡೆ ನಿಂತು ಅವನ್ನು ಹಿಡಿಯುವವಳು ಇವಳು. ಎರಡು ತುದಿ ಇವಳು, ಎರಡು ತುದಿ ಇನ್ನೊಬ್ಬಳು. ಹಿಂದೆ ಹೋಗು, ಮುಂದೆ ಬಾ, ಮಡಚು, ಇಡು. ದಿನವಿಡೀ ಇದೇ ನಡಿಗೆ. ಹಬೆಗೆ ಮುಂಗೈಯ ಕೂದಲೆಲ್ಲ ಉದುರಿ, ಚರ್ಮ ಬೇಯಿಸಿ ಸುಲಿದ ಗೆಣಸಿನ ಹಾಗೆ ನುಣ್ಣಗಾಗಿದೆ.

ಅವಳಿಗೂ ಮಾತಿಗೂ ಮೊದಲಿಂದ ಎಣ್ಣೆ ಸೀಗೆಕಾಯಿ. ಮಾತು ಬೆಳ್ಳಿ ಮೌನ ಬಂಗಾರ ಅನ್ನುವುದು ನಿಜವಾದರೆ ನಮ್ಮ ಮನೆಯಲ್ಲೊಂದು ಬಂಗಾರದ ಗಣಿಯೇ ಇದೆ ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. ಭಾವ ತೀರಿಕೊಂಡಾಗಲೂ ಅವಳು ಬಾಯಿಬಿಟ್ಟು ಅತ್ತವಳಲ್ಲ. ಹಿಂದಿನ ಕೋಣೆಯಲ್ಲಿ ಕೂತು ಅವರ ಅಂಗಿಗಳನ್ನೆಲ್ಲ ಮಡಚಿಟ್ಟಳು, ಅಷ್ಟೆ. ಮಕ್ಕಳಾಗಲಿಲ್ಲ. ಆದರೆ ನನ್ನ ಮಗಳು ಗುಬ್ಬಿ ಬೆಳೆದದ್ದು ನನ್ನ ಸೊಂಟದ ಮೇಲಲ್ಲ, ಅವಳ ಸೊಂಟದ ಮೇಲೆ. ನಾನು ಹೊಲಿಗೆ ಯಂತ್ರ ತುಳಿಯುತ್ತಿದ್ದೆ, ಅವಳು ಮಗುವನ್ನು ತೂಗುತ್ತಿದ್ದಳು. ಹೆತ್ತವಳು ನಾನೇ ಎಂದು ಆಗಾಗ ಜ್ಞಾಪಿಸಬೇಕಾಗುತ್ತಿತ್ತು.

ಬೆಟ್ಟಕ್ಕೆ ಹೋಗುವ ಬೆಳಗಿನ ಮೊದಲ ಬಸ್ಸನ್ನು ನಿಲ್ಲಿಸಿಬಿಟ್ಟಾಗ ಈ ಕಾರಿನ ಕಥೆ ಶುರುವಾಯಿತು. ಎರಡನೇ ಬಸ್ಸು ಹತ್ತಿದರೆ ಕೆಲಸಕ್ಕೆ ತಡ. ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುವವರೊಬ್ಬರು ನಮ್ಮ ಬೀದಿಯ ಕೊನೆಯಲ್ಲಿದ್ದಾರೆ, ಎಲ್ಲರೂ ಸ್ಟೋರಣ್ಣ ಅನ್ನುತ್ತಾರೆ. ಅವರೊಂದು ಹಳೇ ಕಾರು ಕೊಂಡಿದ್ದರು. ಬೀದಿ ಮೂಲೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತವರನ್ನು ಕಂಡು ಕಾರು ನಿಲ್ಲಿಸಿ, "ಬನ್ನಿ, ಎಲ್ಲಾ ಒಂದೇ ಕಡೆ ಹೋಗೋದಲ್ವಾ" ಅಂದರು. ಪುಕ್ಕಟೆ ಸಿಕ್ಕಿದರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನುವ ಜನ ನಾವು. ಆದರೂ ಒಬ್ಬರೂ ಹತ್ತಲಿಲ್ಲ.

ನನ್ನ ಹೊಲಿಗೆ ಯಂತ್ರ ಇರುವುದು ಮೂಲೆಗೆ ಎದುರಾದ ಕಿಟಕಿಯ ಬಳಿ. ಎಲ್ಲ ಕಾಣುತ್ತದೆ, ಅರ್ಧ ಕೇಳಿಸುತ್ತದೆ, ಉಳಿದರ್ಧ ಅವರೇ ಬಂದು ಹೇಳುತ್ತಾರೆ. ಆಸ್ಪತ್ರೆಯ ಫೈಲು ಕೋಣೆಯ ಗುಮಾಸ್ತರು ಹೇಳಿದ್ದು: "ಇವತ್ತು ಕೂತ್ರೆ ನಾಳೆ ಅವರೇನಾದ್ರೂ ಕೇಳಿದಾಗ ಇಲ್ಲ ಅನ್ನೋಕಾಗಲ್ಲ. ಋಣ ಯಾಕೆ ಬೇಕು?" ಆಸ್ಪತ್ರೆ ಅಡುಗೆಮನೆಯ ಹೆಂಗಸು, ನಾವು ಸೌಟಮ್ಮ ಅನ್ನುವವಳು, ಹೇಳಿದ್ದು: "ಒಬ್ಬ ಗಂಡಸಿರೋ ಕಾರಿಗೆ ನಾನು ಹತ್ತಿದ್ರೆ ಬೀದಿ ಬಾಯಿಗೆ ಬೀಗ ಹಾಕೋರ್ಯಾರು?" ಋಣದ ಮಾತು ಕಿವಿಗೆ ಬಿದ್ದು ಸ್ಟೋರಣ್ಣ ಪೆಟ್ರೋಲಿಗೆ ಎಲ್ಲರೂ ಸೇರಿ ಕೊಡಿ ಅಂದರು. ಆಗಲೂ ಇಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರು ಮೊದಲು ಹತ್ತಲಿ ಎಂದು ಕಾಯುತ್ತಿದ್ದರು. ಖಾಲಿ ಕಾರು ನಿಂತು, ಹಾರ್ನ್ ಹೊಡೆದು, ಖಾಲಿಯೇ ಹೋಗುತ್ತಿತ್ತು.

ಒಂದು ದಿನ ಅಕ್ಕ ಹೋಗಿ ಮುಂದಿನ ಬಾಗಿಲು ತೆಗೆದು ಕೂತುಬಿಟ್ಟಳು. ಸಂಜೆ ನಾನು ಕೇಳಿದೆ.

"ಏನಕ್ಕಾ, ಹತ್ತೇಬಿಟ್ಯಲ್ಲ?"

"ಕಾಲು ನೋಯ್ತಿತ್ತು. ಕಾರು ನಿಂತಿತ್ತು. ಕೂತೆ."

ಮರುದಿನ ಗುಮಾಸ್ತರು ಹತ್ತಿದರು. ಅದರ ಮರುದಿನ ಸೌಟಮ್ಮ. ಋಣವೂ ಇಲ್ಲ, ಬೀದಿಯ ಬಾಯಿಯೂ ಇಲ್ಲ. "ಅಕ್ಕ ಕೂತ ಮೇಲೆ ಇನ್ನೇನಿದೆ" ಎಂದು ಸೌಟಮ್ಮ ನನ್ನ ಕಿಟಕಿಯ ಹತ್ತಿರ ನಿಂತು ಹೇಳಿ ಹೋದಳು. ಆ ಮನುಷ್ಯ ಹೇಗೆ ಓಡಿಸುತ್ತಾರೆ ಎಂದು ಯಾರೂ ಕೇಳಲಿಲ್ಲ. ಗುಬ್ಬಿಗೆ ಅದೇ ಆಸ್ಪತ್ರೆಯ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ತರಬೇತಿ ಕೆಲಸ ಸಿಕ್ಕಾಗ ನಾನೂ ಕೇಳಲಿಲ್ಲ. ಕತ್ತಲು ಬಿಡುವ ಮೊದಲೇ ಹೊರಡಬೇಕಾದ ಹುಡುಗಿ, ಬೆಟ್ಟದ ದಾರಿ, ಯಾರದೋ ಕಾರು. ನನ್ನ ಗಂಡ ಹೂಂ ಅನ್ನಲಿಲ್ಲ. "ದೊಡ್ಡಮ್ಮ ಮುಂದೆ ಕೂತಿರ್ತಾಳಲ್ಲ, ಇನ್ಯಾಕೆ ಹೆದರಿಕೆ" ಎಂದು ನಾನೇ ಹೇಳಿ ಒಪ್ಪಿಸಿದೆ.

ಸ್ಟೋರಣ್ಣ ಕೆಟ್ಟವರಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕೆಟ್ಟವರಾಗಿದ್ದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು. ಹಾಸಿಗೆ ಹಿಡಿದ ತಾಯಿಯನ್ನು ಒಬ್ಬರೇ ನೋಡಿಕೊಳ್ಳುತ್ತಾರೆ. ಮುದುಕಿ ರಾತ್ರಿಯೆಲ್ಲ ಕರೆಯುತ್ತದೆ. ಇವರು ಎದ್ದು ಮಗ್ಗುಲು ಬದಲಿಸುತ್ತಾರೆ, ನೀರು ಕುಡಿಸುತ್ತಾರೆ. ಬೆಳಗಾದರೆ ಮುಖ ತೊಳೆದು, ತಲೆ ಬಾಚಿ, ಕಾರಿನ ಗಾಜು ಒರೆಸಿ ನಗುತ್ತ ಬರುತ್ತಾರೆ. ಯಾರಿಗಾದರೂ ಜ್ವರ ಬಂದರೆ ಮನೆ ಬಾಗಿಲಿಗೇ ಕಾರು ತರುತ್ತಾರೆ. ಇಂಥವರಿಗೆ ಏನು ಹೇಳುವುದು?

ಚಳಿಗಾಲ ಮುಗಿಯುವ ಹೊತ್ತಿಗೆ ಅಕ್ಕನಲ್ಲಿ ಒಂದು ಬದಲಾವಣೆ ಕಂಡೆ. ಸಂಜೆ ಬಂದು ಚಹಾ ಲೋಟ ಹಿಡಿದು ನನ್ನ ಯಂತ್ರದ ಪಕ್ಕ ಕೂತು, "ಬೀದೀಲಿ ಏನಾದ್ರೂ ಸುದ್ದಿ ಇದ್ಯಾ?" ಅನ್ನತೊಡಗಿದಳು. ಬಟ್ಟೆ ಹೊಲಿಸಲು ಬಂದವರ ಮನೆ ಜಗಳ, ಯಾರ ಮಗ ಯಾರ ಮಗಳನ್ನು ನೋಡಿ ನಕ್ಕ, ಎಲ್ಲ ಬೇಕು. ಒಂದೊಂದನ್ನೂ ತುಟಿಯಲ್ಲೇ ಮರುಪಾಠ ಮಾಡಿಕೊಳ್ಳುವಳು. ನನಗೆ ಖುಷಿಯಾಯಿತು. ಇಷ್ಟು ವರ್ಷಕ್ಕೆ ನಮ್ಮಕ್ಕನಿಗೆ ಬಾಯಿ ಬಂತು ಅಂದುಕೊಂಡೆ.

ಗುಬ್ಬಿ ಬಂದು ಹೇಳಿದ್ದಂತೂ ಇನ್ನೂ ವಿಚಿತ್ರ. "ಅಮ್ಮಾ, ದೊಡ್ಡಮ್ಮ ಕಾರಲ್ಲಿ ಬಾಯಿ ಮುಚ್ಚೋದೇ ಇಲ್ಲ. ಸ್ಟೋರಣ್ಣಂಗೆ ಪ್ರಶ್ನೆ ಮೇಲೆ ಪ್ರಶ್ನೆ. ನಿಮ್ಮಮ್ಮ ಉಂಡ್ರಾ, ನಿಮ್ಮಣ್ಣ ಮನೆ ಪಾಲು ಕೊಟ್ನಾ, ಕೊಡದಿದ್ರೆ ನೀವೇನ್ಮಾಡ್ತೀರಿ ಅಂತ. ಪೊಲೀಸರೂ ಹಾಗೆ ಕೇಳಲ್ಲ. ಹಿಂದಿನ ಸೀಟಲ್ಲಿ ನಾವು ನಕ್ಕೂ ನಕ್ಕೂ ಸಾಕಾಯ್ತು." ನಾನೂ ನಕ್ಕೆ. ಹಾಗೆ ಮಾತಾಡುವ ಅಕ್ಕ ಮನೆಗೆ ಬಂದರೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿರುತ್ತಾಳೆ, ಊಟಕ್ಕೆ ಕರೆದರೂ ಏಳುವುದಿಲ್ಲ ಎಂಬುದನ್ನು ಕಂಡೂ ನನಗೆ ಹೊಳೆಯಲಿಲ್ಲ.

ಆಮೇಲೆ ಒಂದು ದಿನ ಎಲ್ಲರೂ ನಗುತ್ತ ಬಂದರು. ಬೆಟ್ಟದ ತಿರುವಿನಲ್ಲಿ ಅಕ್ಕ ತೂಕಡಿಸಿ ಸ್ಟೋರಣ್ಣನ ಮೇಲೆ ಬಿದ್ದು ಸ್ಟಿಯರಿಂಗನ್ನೇ ಎಳೆದುಬಿಟ್ಟಳಂತೆ. ಎದುರಿಗೆ ಹಾಲಿನ ಲಾರಿ. ಸ್ವಲ್ಪದರಲ್ಲಿ ತಪ್ಪಿತಂತೆ. "ದೇವರು ದೊಡ್ಡವನು, ಸ್ಟೋರಣ್ಣ ಹುಷಾರಾಗಿದ್ರು" ಎಂದು ಗುಮಾಸ್ತರು ನನ್ನ ಕಿಟಕಿಯ ಮುಂದೆ ಎದೆ ಮುಟ್ಟಿಕೊಂಡರು. ಅಕ್ಕ ಅವರ ಹಿಂದೆ ನಿಂತಿದ್ದಳು. ಚಪ್ಪಲಿ ಬಿಟ್ಟು ಒಳಗೆ ಹೋದಳು.

ಮರುದಿನದಿಂದ ಅವಳು ಕಾರು ಹತ್ತಲಿಲ್ಲ. ಮಂಡಿ ನೋವು, ಮುಂದಿನ ಸೀಟಿನಲ್ಲಿ ಕಾಲು ಚಾಚಲಾಗುವುದಿಲ್ಲ ಎಂದು ಹೇಳಿ ಕಳಿಸಿದಳು. ಎರಡನೇ ಬಸ್ಸಿಗೆ ಹೋಗಿ ಮೇಲ್ವಿಚಾರಕಿಯಿಂದ ಬೈಸಿಕೊಂಡಳು. ಸೌಟಮ್ಮ ನೋವಿನ ಎಣ್ಣೆ ತಂದುಕೊಟ್ಟಳು. ಸ್ಟೋರಣ್ಣ ಸಂಜೆ ಬಂದು ಹೊಸಲಿನಾಚೆಯೇ ನಿಂತು, "ಸೀಟು ಹಿಂದಕ್ಕೆ ಸರಿಸಿದೀನಿ ಅಕ್ಕಾ, ವಾಸಿಯಾದ ಮೇಲೆ ಬನ್ನಿ" ಎಂದು ಹೇಳಿ ಹೋದರು. ಮುಂದಿನ ಸೀಟು ಖಾಲಿ ಉಳಿಯಲಿಲ್ಲ. ಅಲ್ಲಿಗೆ ಗುಬ್ಬಿ ಬಂದು ಕೂತಳು.

ಅದು ತಿಳಿದ ಸಂಜೆ ಅಕ್ಕ ನನ್ನ ಯಂತ್ರದ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು.

"ಅವರು ನಿದ್ದೆ ಮಾಡ್ತಾರೆ" ಅಂದಳು.

"ಯಾರು?"

"ಸ್ಟೋರಣ್ಣ. ಕಾರು ಓಡಿಸ್ತಾ ಓಡಿಸ್ತಾ ನಿದ್ದೆ ಮಾಡ್ತಾರೆ. ಕಣ್ಣು ಪೂರ್ತಿ ಮುಚ್ಚಲ್ಲ, ಅರ್ಧ. ಹಿಂದೆ ಕೂತೋರಿಗೆ ಕಾಣಲ್ಲ. ಪಕ್ಕದಲ್ಲಿ ಕೂತೋರಿಗೆ ಮಾತ್ರ ಗೊತ್ತಾಗೋದು. ಅವರಿಗೇ ಗೊತ್ತಿಲ್ಲ. ಒಂದ್ಸಲ ಮೆಲ್ಲಗೆ ಹೇಳಿದೆ. ನಿದ್ದೆನಾ, ನಂಗಾ ಅಂತ ನಕ್ಕರು."

ಹಾಗೆ ಒಂದೇ ಉಸಿರಿಗೆ ಅವಳು ಅಷ್ಟು ಮಾತಾಡಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ಕಥೆ ಹೇಳಿದರೆ ಅವರಿಗೆ ಇನ್ನಷ್ಟು ನಿದ್ದೆ ಬರುತ್ತದಂತೆ, ಆದ್ದರಿಂದ ಪ್ರಶ್ನೆ ಕೇಳಬೇಕಂತೆ. ಹೌದು ಇಲ್ಲ ಎಂದು ಮುಗಿಯುವ ಪ್ರಶ್ನೆಯಾಗಬಾರದು. ಸಿಟ್ಟು ಬರಿಸುವ ಪ್ರಶ್ನೆಯಾದರೆ ಉತ್ತಮ. ಮನೆ ಪಾಲಿನ ಮಾತೆತ್ತಿದರೆ ಬೆಟ್ಟದ ಅರ್ಧದವರೆಗೆ ಎಚ್ಚರವಾಗಿರುತ್ತಾರೆ. ಅವತ್ತು ತಿರುವಿನಲ್ಲಿ ಅವಳು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಇನ್ನೊಮ್ಮೆ ಕೇಳಿದಳು, ಬರಲಿಲ್ಲ. ಲಾರಿ ಕಂಡಿತು. ಸ್ಟಿಯರಿಂಗ್ ಎಳೆದಳು. ಹಿಂದಿನಿಂದ ನಗು ಕೇಳಿಸಿತು.

ನನಗೆ ಅವಳ ಮೇಲೆ ಕೋಪ ಉಕ್ಕಿತು. "ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ? ನನ್ನ ಮಗಳು ಹಿಂದೆ ಕೂತಿದ್ಲಲ್ಲೇ!"

"ಹೇಗೆ ಹೇಳ್ಲಿ? ಉಂಡ ಮನೆ ಜಂತೆ ಎಣಿಸಬಾರದು ಅಂತಾರೆ. ದಿನಾ ಅವರ ಕಾರಲ್ಲಿ ಕೂತು, ಅವರ ಎದುರಿಗೇ ನೀವು ಓಡಿಸೋದು ಸರಿ ಇಲ್ಲ ಅನ್ಲಾ? ನಾನು ಇಳಿದ್ರೆ ಎಲ್ಲಾ ಇಳೀತಾರೆ ಅಂದ್ಕೊಂಡೆ. ನನ್ನ ನೋಡಿ ಹತ್ತಿದವರಲ್ವಾ?"

ಅವಳ ಲೆಕ್ಕ ತಪ್ಪಿದ್ದು ಅಲ್ಲಿ. ಹತ್ತುವಾಗ ಅವರು ಅವಳನ್ನು ನೋಡಿದ್ದರು. ಈಗ ಗುಮಾಸ್ತರು ಸೌಟಮ್ಮನನ್ನು ನೋಡುತ್ತಾರೆ, ಸೌಟಮ್ಮ ಗುಬ್ಬಿಯನ್ನು, ಗುಬ್ಬಿ ಅವರಿಬ್ಬರನ್ನು. ಯಾರಿಗೂ ಏನೂ ಆಗಿಲ್ಲ, ಆದ್ದರಿಂದ ಯಾರಿಗೂ ಏನೂ ಆಗುವುದಿಲ್ಲ. ಸ್ಟೋರಣ್ಣನ ಮಾನ ಉಳಿಸಲು ಇವಳು ಮಂಡಿಯ ನೆಪ ಹೇಳಿದ್ದಳು. ಅದನ್ನೇ ಎಲ್ಲರೂ ನಂಬಿ ಎಣ್ಣೆ ಕಳಿಸಿದರು.

ಗುಬ್ಬಿಗೆ ಹೇಳಿದೆವು. ಅವಳು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅಪಾಯ ಇದ್ದಿದ್ರೆ ದೊಡ್ಡಮ್ಮ ಇಷ್ಟು ದಿನ ಕೂರ್ತಿದ್ರಾ? ನನ್ನ ಕೂರಿಸ್ತಿದ್ರಾ?"

ಅಕ್ಕ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

"ತೂಕಡಿಸಿದ್ದು ದೊಡ್ಡಮ್ಮನೇ" ಎಂದು ಹುಡುಗಿ ಸ್ವಲ್ಪ ಮೆತ್ತಗೆ ಹೇಳಿದಳು. "ಎಲ್ಲರೂ ನಕ್ಕಿದ್ದಕ್ಕೆ ಬೇಜಾರಾಗಿದೆ, ಅಷ್ಟೆ. ಇನ್ನೆರಡು ತಿಂಗಳಿಗೆ ನನ್ನ ಕೆಲಸ ಖಾಯಂ ಆಗತ್ತಮ್ಮಾ. ಒಂದು ದಿನ ತಡವಾದ್ರೂ ಬೇರೆಯವರನ್ನ ತಗೋತಾರೆ. ಎರಡನೇ ಬಸ್ಸಿಗೆ ನಾನು ಹೋಗಲ್ಲ."

ಮರುದಿನ ಕತ್ತಲಿರುವಾಗಲೇ ಅವಳು ಹೊರಟಳು. ಹಿಂದೆ ನಾವಿಬ್ಬರೂ ಹೋದೆವು. ಮೂಲೆಯಲ್ಲಿ ಕಾರು ನಿಂತಿತ್ತು, ಒಳಗಿನ ದೀಪ ಉರಿಯುತ್ತಿತ್ತು. ಹಿಂದೆ ಗುಮಾಸ್ತರೂ ಸೌಟಮ್ಮನೂ ಕೂತಿದ್ದರು. ಗುಬ್ಬಿ ಮುಂದೆ ಕೂತಳು. ಬಾಗಿಲು ಹಾಕಿಕೊಳ್ಳುವ ಮೊದಲು ನಾನು ಅವಳ ತೋಳು ಹಿಡಿದುಕೊಂಡೆ.

ಅಕ್ಕ ಕಾರಿನ ಮುಂದೆ ಹೋಗಿ ನಿಂತಳು. ಹೆಡ್‌ಲೈಟಿನ ಬೆಳಕಿಗೆ ಕೈ ಅಡ್ಡ ಹಿಡಿದು ಹೇಳಿದಳು.

"ಸ್ಟೋರಣ್ಣಾ, ಬೇಜಾರು ಮಾಡ್ಕೋಬೇಡಿ. ನೀವು ಗಾಡಿ ಓಡಿಸ್ತಾ ನಿದ್ದೆ ಮಾಡ್ತೀರಿ. ನಾನು ಕಣ್ಣಾರೆ ನೋಡಿದೀನಿ. ಅವತ್ತು ತೂಕಡಿಸಿದ್ದು ನಾನಲ್ಲ, ನೀವು. ಗುಮಾಸ್ತರೇ ಇಳೀರಿ. ಸೌಟಮ್ಮಾ, ಇಳಿ. ಗುಬ್ಬಿ, ನಿಂಗೆ ಕೈ ಮುಗೀತೀನಿ, ಇಳಿಯೇ."

ಸ್ಟೋರಣ್ಣನ ಮುಖ ನೋಡಲಾಗಲಿಲ್ಲ. ಕನ್ನಡಿ ಸರಿಮಾಡಿಕೊಂಡರು, ಮತ್ತೆ ಸರಿಮಾಡಿಕೊಂಡರು. "ನಾನೇನು ತಪ್ಪು ಮಾಡ್ದೆ ಅಕ್ಕಾ?" ಅಂದರು. ಸೌಟಮ್ಮ ತಲೆ ತಗ್ಗಿಸಿದಳು. ಗುಮಾಸ್ತರು ತಮ್ಮ ಕಡೆಯ ಬಾಗಿಲು ತೆರೆದು ಒಂದು ಕಾಲನ್ನು ರಸ್ತೆಯ ಮೇಲಿಟ್ಟರು. ಆ ಕಾಲನ್ನು ನೋಡಿ ನನಗೆ ಜೀವ ಬಂದಂತಾಯಿತು.

"ದೊಡ್ಡಮ್ಮಾ, ಸಾಕು" ಅಂದಳು ಗುಬ್ಬಿ. ನಾಚಿಕೆಯಿಂದ ಅವಳ ಕಣ್ಣು ತುಂಬಿತ್ತು. "ಅಮ್ಮಾ, ಕೈ ಬಿಡು. ಅಣ್ಣಾ, ಹೊರಡಿ, ತಡ ಆಗ್ತಿದೆ."

ನಾನು ಬಿಡಲಿಲ್ಲ. ಅವಳು ಇಳಿಯಲಿಲ್ಲ. ಎಂಜಿನ್ ಶುರುವಾಯಿತು. ಅಕ್ಕ ಸುತ್ತಿ ಬಂದು, ಹಿಂದಿನ ಬಾಗಿಲು ತೆಗೆದು, "ಸ್ವಲ್ಪ ಸರ್ಕೋ ಸೌಟಮ್ಮಾ" ಎಂದು ಒಳಗೆ ಕೂತಳು. ಬೇರೆ ಏನು ಮಾಡಿಯಾಳು? ಎತ್ತಿ ಆಡಿಸಿದ ಕೂಸನ್ನು ನಿದ್ದೆಗಣ್ಣಿನವರ ಜೊತೆ ಬೆಟ್ಟಕ್ಕೆ ಕಳಿಸಿ ತಾನು ಬಸ್ಸಿಗೆ ಕಾಯುತ್ತ ನಿಲ್ಲುವುದು ಅವಳಿಂದಾಗಲಿಲ್ಲ.

ಗುಮಾಸ್ತರು ಅವಳತ್ತ ನೋಡಿದರು. ರಸ್ತೆಯ ಮೇಲಿಟ್ಟಿದ್ದ ಕಾಲನ್ನು ಮೆಲ್ಲಗೆ ಒಳಗೆ ಎಳೆದುಕೊಂಡು ಬಾಗಿಲು ಹಾಕಿಕೊಂಡರು.

"ನೋಡಿದ್ರಾ" ಅಂದರು ಸ್ಟೋರಣ್ಣ, ಅಳುವ ದನಿಯಲ್ಲಿ ನಗುತ್ತ. "ಕೊನೆಗೆ ಅಕ್ಕಾನೇ ಕೂತ್ರು."

ಇಷ್ಟು ಹೊತ್ತು ಅಕ್ಕ ಕೂಗಿ ಹೇಳಿದ್ದನ್ನೆಲ್ಲ ಅವಳು ಕೂತದ್ದೇ ಸುಳ್ಳು ಮಾಡಿತ್ತು. ಅವಳಿಗೆ ಅದು ತಿಳಿದದ್ದು ನನಗೆ ಕಾಣುತ್ತಿತ್ತು. ಉಳಿದವರ ಮಾತು ಬಿಡಿ, ಅವಳ ಬಾಯಿಂದಲೇ ಎಲ್ಲ ಕೇಳಿಸಿಕೊಂಡವಳು ನಾನು. ಅಕ್ಕ ಒಳಗೆ ಕೂತದ್ದನ್ನು ನೋಡಿದೊಡನೆ ನನ್ನೊಳಗೆ ಏನೋ ಹಗುರವಾಯಿತು. ಅಕ್ಕ ಇದ್ದಾಳಲ್ಲ ಅನ್ನಿಸಿತು. ಮಗಳ ತೋಳು ಹಿಡಿದಿದ್ದ ನನ್ನ ಕೈ ಸಡಿಲವಾಯಿತು. ಕಾರು ಹೊರಟಿತು.

ಅವತ್ತು ಏನೂ ಆಗಲಿಲ್ಲ. ಲ್ಯಾಬಿಗೆ ಹೋಗಿ ಗುಬ್ಬಿ ಫೋನ್ ಮಾಡಿದಳು. "ಮುಟ್ಟಿದ್ವಮ್ಮ. ದಾರಿಯುದ್ದಕ್ಕೂ ದೊಡ್ಡಮ್ಮ ಹಿಂದಿನಿಂದ ಮಾತಾಡ್ತಾನೇ ಇದ್ರು. ಎಲ್ಲಾ ಸೇರಿ ರಾಜಿ ಮಾಡಿಸಿದ್ವಿ. ನಾಳೆಯಿಂದ ಅವರೇ ಮುಂದೆ ಕೂರ್ತಾರೆ." ಏನೂ ಆಗದಿದ್ದದ್ದೇ ದೊಡ್ಡ ಸಾಕ್ಷಿಯಾಯಿತು. ಸಿಟ್ಟು ಮಾಡಿಕೊಂಡಿದ್ದ ಅಕ್ಕನೂ ಮತ್ತೆ ಹೋಗುತ್ತಿದ್ದಾಳೆಂದು ಬೀದಿಯಲ್ಲಿ ಸುದ್ದಿ ಹಬ್ಬಿತು. ಇನ್ನಿಬ್ಬರು ಬಂದು ಜಾಗ ಇದೆಯಾ ಎಂದು ಕೇಳಿದರು. ಸ್ಟೋರಣ್ಣ ದೊಡ್ಡ ಗಾಡಿಯ ಯೋಚನೆ ಮಾಡುತ್ತಿದ್ದಾರಂತೆ.

"ಎರಡು ತಿಂಗಳು ತಾನೇ" ಅನ್ನುತ್ತಾಳೆ ಅಕ್ಕ. "ಅವಳ ಕೆಲಸ ಖಾಯಂ ಆಗ್ಲಿ. ಅಲ್ಲೀವರೆಗೆ ನಾನು ಮಾತಾಡ್ತೀನಿ." ಸಂಜೆ ನನ್ನ ಪಕ್ಕ ಕೂತು ಸುದ್ದಿ ಕೂಡಿಹಾಕುತ್ತಾಳೆ. ಬೀದಿಯಲ್ಲಿ ಸುದ್ದಿ ಮುಗಿದ ದಿನ ನಾನೇ ಕಟ್ಟಿ ಹೇಳುತ್ತೇನೆ, ಯಾರೋ ಯಾರ ಪಾಲನ್ನೋ ನುಂಗಿದರು ಎಂದು. ಬೆಳಿಗ್ಗೆ ಅವರು ಹೋದ ಮೇಲೆ ಯಂತ್ರ ತುಳಿಯುವುದಿಲ್ಲ ನಾನು. ಫೋನ್ ಬರುವವರೆಗೆ ಬಟ್ಟೆ ಕೈಯಲ್ಲಿ ಹಿಡಿದು ಕೂತಿರುತ್ತೇನೆ.

ನಿನ್ನೆಯಿಂದ ಅಕ್ಕನಿಗೆ ನೆಗಡಿ. ಇವತ್ತು ಎದ್ದಾಗ ಗಂಟಲು ಕಟ್ಟಿತ್ತು. ಬಿಸಿನೀರು ಕುಡಿಸಿದೆ, ಹಬೆ ಹಿಡಿಸಿದೆ. ಬಾಯಿ ಆಡುತ್ತಿತ್ತು, ಸ್ವರ ಬರಲಿಲ್ಲ. ಹೋಗಬೇಡ ಅಂದೆ. ಕಿಟಕಿಯಿಂದ ಗುಬ್ಬಿಯನ್ನು ತೋರಿಸಿದಳು. ಹುಡುಗಿ ಆಗಲೇ ಮೂಲೆ ತಲುಪಿದ್ದಳು. ಅಕ್ಕ ಕತ್ತಿಗೆ ಬಟ್ಟೆ ಸುತ್ತಿಕೊಂಡು ಹೋಗಿ ಮುಂದಿನ ಸೀಟಿನಲ್ಲಿ ಕೂತಳು. ಅವಳನ್ನು ನೋಡಿ ಉಳಿದವರೂ ಹತ್ತಿದರು.

ಬಿಸಿಲು ಕಿಟಕಿಯ ಒಳಗೆ ಬಂದಿದೆ. ಇಷ್ಟು ಹೊತ್ತಿಗೆ ಫೋನ್ ಬರಬೇಕಿತ್ತು.